ಕೆಂಪು ಗುಂಡಿ ಇದ್ದ ಕಡೆ

ಆ ಮಷೀನು ಹುಟ್ಟಿದ್ದು ಅಡುಗೆಮನೆಯಲ್ಲಿ. ಒಲೆಯ ಮೇಲೆ ಹಾಲಿತ್ತು, ಮಗಳ ಸಮವಸ್ತ್ರ ಬಕೆಟ್ಟಿನಲ್ಲಿ ನೆನೆಯುತ್ತಿತ್ತು, ಅತ್ತೆ ಬಾಗಿಲ ಬಳಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ತಟ್ಟೆಗಳಿರಬೇಕಾದ ಊಟದ ಮೇಜಿನ ಮೇಲೆ ಪ್ಲೈವುಡ್ ಹಲಗೆ, ಅಂಟಿನ ಡಬ್ಬಿ, ಮುರಿದ ಕೊಡೆಯ ಹಿಡಿಕೆ, ಎರಡು ಸೀಸೆ ಮುಚ್ಚಳ.

"ಮನೇಲಿ ಉಣ್ಣೋಕೆ ಜಾಗ ಇಲ್ಲ, ಮರದ ಮಷೀನಿಗೆ ಮೇಜು," ಎಂದರು ಅತ್ತೆ. "ಅದೇನು ಹಿಟ್ಟು ಬೀಸುತ್ತಾ, ಬಟ್ಟೆ ಒಗೆಯುತ್ತಾ?"

"ಏನೂ ಮಾಡಲ್ಲ ಅತ್ತೆ. ಅದಕ್ಕೇ ಇದನ್ನ ಮಾಡ್ತಿರೋದು. ಇದರಿಂದ ಯಾರಿಗೂ ಏನೂ ಆಗಲ್ಲ."

ಹಾಗೆಂದವಳು ಪ್ರೌಢಶಾಲೆಯಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನ ಕಲಿಸುವ ಟೀಚರು. ಮಕ್ಕಳಿಗೆ ಎದುರಿಗೆ ಮೇಡಂ, ಬೆನ್ನ ಹಿಂದೆ ಗರಗಸ ಮೇಡಂ. ಕೈಯಲ್ಲಿ ಸದಾ ಗರಗಸ ಇರುತ್ತದೆಂದೋ, ಪಾಠದಲ್ಲಿ ಕೊರೆಯುತ್ತಾಳೆಂದೋ, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳ ಮಗಳೂ ಅದೇ ಶಾಲೆಯಲ್ಲಿ, ಅವಳೇ ಕಲಿಸುವ ತರಗತಿಯಲ್ಲಿ. ಶಾಲೆಯ ಗೇಟು ದಾಟಿದೊಡನೆ ಅಮ್ಮ ಎನ್ನುವುದನ್ನು ಬಿಟ್ಟು ಮೇಡಂ ಎನ್ನಬೇಕೆಂಬುದು ಇಬ್ಬರ ನಡುವಿನ ಒಪ್ಪಂದ.

ಶಾಲೆಗೆ ಒಂದು ಡ್ರಿಲ್ಲಿಂಗ್ ಮಷೀನು ಮಂಜೂರಾಗಿತ್ತು. ಆಳೆತ್ತರದ್ದು, ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸುವಂಥದ್ದು. ಎರಡು ವರ್ಷದಿಂದ ಅದು ಇಂದು ಬಂತು ನಾಳೆ ಬಂತು ಎಂಬುದರಲ್ಲೇ ಇತ್ತು. ಮಷೀನಿಗೆ ಮೊದಲು ಅದರ ಕೈಪಿಡಿ ಬಂದಿತ್ತು. ಮದುವೆಗೆ ಮೊದಲು ಮದುವೆ ಪತ್ರಿಕೆ ಬರುತ್ತಲ್ಲ, ಹಾಗೆ ಎಂದು ಪಿ.ಟಿ. ಮೇಷ್ಟ್ರು ನಕ್ಕಿದ್ದರು. ಅವಳು ಮಾತ್ರ ಕೈಪಿಡಿಯನ್ನು ಎದೆಗವುಚಿಕೊಂಡು ಮನೆಗೆ ತಂದಿದ್ದಳು. ನಿಜವಾದ ಮಷೀನು ಬರುವಷ್ಟರಲ್ಲಿ ಮಕ್ಕಳ ಕೈ ಪಳಗಿರಬೇಕು ಎಂಬುದು ಅವಳ ಹಟ.

ಹಟಕ್ಕೆ ಕಾರಣವಿತ್ತು. ಅವಳಿಗೆ ಈ ವಿದ್ಯೆ ಕಲಿಸಿದ ಗುರುವಿನ ಬಲಗೈಯಲ್ಲಿ ಹೆಬ್ಬೆರಳು ಅರ್ಧವೇ ಇತ್ತು. ಹೇಗಾಯಿತೆಂದು ಕೇಳಿದವರಿಗೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: "ನನ್ನ ಜೊತೆಯವನು ಬಟನ್ ಎಲ್ಲಿದೆ ಅಂತ ನೋಡ್ತಾ ಇದ್ದ. ನನ್ನ ಬೆರಳು ನೋಡಲಿಲ್ಲ."

ಆ ಮಾತಿನಿಂದಲೇ ಅವಳು ತನ್ನ ಕ್ರಮವನ್ನು ಕಟ್ಟಿದ್ದಳು. ಮಷೀನಿನ ಹತ್ತಿರ ಯಾವಾಗಲೂ ಇಬ್ಬರು. ಒಬ್ಬರು 'ಕೈ', ಇನ್ನೊಬ್ಬರು 'ಕಾವಲು'. ಕೆಲಸ ಮಾಡುವುದು ಕೈ. ತೂತು ಕೊರೆದಾದ ಮೇಲೆ ಡ್ರಿಲ್ ಬಿಟ್ ಅನ್ನು, ಅಂದರೆ ಕೊರೆಯುವ ಮೊನೆಯನ್ನು, ಬದಲಿಸಲು ಕೈ ಒಳಗೆ ಹೋಗಬೇಕಲ್ಲ, ಆಗ ಮಷೀನು ನಿಂತಿದ್ದರೂ ಕಾವಲು ಇನ್ನೊಮ್ಮೆ ಕೆಂಪು ಗುಂಡಿಯನ್ನು ಒತ್ತಬೇಕು. ಗ್ಯಾರಂಟಿಗೆ. ಒತ್ತುವಾಗ ಕಣ್ಣು ಗುಂಡಿಯ ಕಡೆ ಹೋಗಕೂಡದು; ಗೆಳತಿಯ ಬೆರಳ ಮೇಲೇ ಇರಬೇಕು. ಗುಂಡಿಯನ್ನು ಕೈಯೇ ಹುಡುಕಿಕೊಳ್ಳಬೇಕು, ಕತ್ತಲಲ್ಲಿ ಬಾಯಿಗೆ ತುತ್ತು ಹೋಗುವ ಹಾಗೆ.

ಅದಕ್ಕಾಗಿಯೇ ಈ ಮರದ ಮಷೀನು. ಕೊಡೆಯ ಹಿಡಿಕೆ ಅದರ ಸನ್ನೆಗೋಲು. ಎರಡು ಮುಚ್ಚಳಗಳು ಅದರ ಗುಂಡಿಗಳು, ಒತ್ತಿದರೆ ಒಳಗೆ ಹೋಗಿ ಹೊರಗೆ ಬರಲೆಂದು ಹಿಂದೆ ಪೆನ್ನಿನ ಸ್ಪ್ರಿಂಗು.

ಮುಖ್ಯವಾದದ್ದು ಗುಂಡಿಗಳಿರುವ ಮುಂಭಾಗದ ಫಲಕ. ಕೈಪಿಡಿಯಲ್ಲಿ ಅದರ ಚಿತ್ರ ನಿಜವಾದ ಅಳತೆಯಲ್ಲೇ ಇತ್ತು: ಪಕ್ಕಪಕ್ಕದಲ್ಲಿ ಎರಡು ವೃತ್ತ, ಒಂದರೊಳಗೆ ಸೊನ್ನೆ, ಒಂದರೊಳಗೆ ನೆಟ್ಟಗಿನ ಗೆರೆ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಸೊನ್ನೆ ಎಂದರೆ ನಿಲ್ಲು, ಗೆರೆ ಎಂದರೆ ಓಡು. ಅವಳು ಚಿತ್ರದ ಮೇಲೆ ಬಟರ್ ಪೇಪರ್ ಇಟ್ಟು ಮೆತ್ತಗಿನ ಪೆನ್ಸಿಲಿನಿಂದ ತಿದ್ದಿದಳು. ಕಾಗದವನ್ನು ಮಗುಚಿ ಪ್ಲೈವುಡ್ಡಿನ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿದಳು. ಪೆನ್ಸಿಲಿನ ಪುಡಿ ಮರಕ್ಕೆ ಇಳಿಯಿತು.

"ಹಾಲು ಉಕ್ಕಿತು ಕಣೇ," ಎಂದು ಅತ್ತೆ ಕೂಗಿದ್ದು ಆಗಲೇ. ಅವಳು ಓಡಿಹೋಗಿ ಒಲೆ ಆರಿಸಿ, ಕಟ್ಟೆ ಒರೆಸಿ, ಕೈ ತೊಳೆದು ಬಂದಳು. ಮರದ ಮೇಲೆ ಗೆರೆಗಳು ಅಚ್ಚುಕಟ್ಟಾಗಿ ಮೂಡಿದ್ದವು. ಸೊನ್ನೆ ಇದ್ದದ್ದಕ್ಕೆ ಕೆಂಪು ಬಳಿದಳು, ಗೆರೆ ಇದ್ದದ್ದಕ್ಕೆ ಹಸಿರು.

ಮೂರು ತಿಂಗಳು ದಿನಕ್ಕೆ ಇಪ್ಪತ್ತು ಸಲ. ಮಕ್ಕಳು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅವಳು ಚಪ್ಪಾಳೆ ತಟ್ಟಿ "ನಿಲ್ಲಿಸು" ಎಂದರೆ ಸಾಕು, ಕೈ ಹಾರಿ ಕೆಂಪಿನ ಮೇಲೆ. ಮೊದಮೊದಲು ಮೂಗಿಗೆ ಹೊಡೆದುಕೊಂಡವರುಂಟು, ಗೋಡೆ ಗುದ್ದಿದವರುಂಟು. ಎರಡನೇ ತಿಂಗಳಿಗೆ ಯಾರೂ ತಪ್ಪಲಿಲ್ಲ. ಮಗಳು ಎಲ್ಲರಿಗಿಂತ ಚುರುಕು. ಅವಳ ಜೋಡಿ ಗುಬ್ಬಿ, ಹೆಸರಿಗೆ ತಕ್ಕ ಹಾಗೆ ಪುಟ್ಟ ಕೈಯವಳು. ಮಗಳು ಕಾವಲು, ಗುಬ್ಬಿ ಕೈ.

"ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಒತ್ತುತ್ತೆ ಈ ಹುಡುಗಿ," ಎಂದು ಪಿ.ಟಿ. ಮೇಷ್ಟ್ರು ಬೆರಗಾಗಿದ್ದರು. "ನನ್ನ ಕವಾಯತ್ತಿನಲ್ಲಿ ಮಾತ್ರ ಎಡಗಾಲು ಯಾವುದು ಅಂತ ಗೊತ್ತಾಗಲ್ಲ."

ಹೆಡ್‌ಮಾಸ್ಟರಿಗೆ ಈ ಕ್ರಮ ಎಷ್ಟು ಹಿಡಿಸಿತೆಂದರೆ, ಅದೇ ಹಲಗೆಯಿಂದ ತೆಗೆದ ನಕಲುಹಾಳೆ, ಮಾಡುವ ವಿಧಾನ, ಹೆಜ್ಜೆಹೆಜ್ಜೆಯ ಕಾರ್ಡುಗಳು ಎಲ್ಲವನ್ನೂ ಕಟ್ಟಿಸಿ ಅಂಥದೇ ಮಷೀನು ಬರಲಿದ್ದ ಇನ್ನೂ ಹನ್ನೊಂದು ಶಾಲೆಗಳಿಗೆ ಕಳಿಸಿದರು.

ಆ ಗುರುವಾರ ಅವಳನ್ನು ಶಿಕ್ಷಕರ ತರಬೇತಿ ಕೇಂದ್ರಕ್ಕೆ ಪಾಠ ಮಾಡಲು ಕರೆದಿದ್ದರು. ಶಾಲೆಯಿಂದ ನಾಲ್ಕು ಬೀದಿ ಆಚೆ. ಬೆಳಿಗ್ಗೆ ಹನ್ನೊಂದಕ್ಕೆ ಪಿ.ಟಿ. ಮೇಷ್ಟ್ರಿಂದ ಮೆಸೇಜು ಬಂತು. ಮಷೀನು ಬಂದಿದೆ, ಕೂರಿಸಿ ಹೋದರು, ಇನ್‌ಸ್ಪೆಕ್ಟರೂ ಅಕಸ್ಮಾತ್ ಬಂದಿದ್ದಾರೆ, ಊಟದ ನಂತರದ ಪೀರಿಯಡ್ಡಿನಲ್ಲಿ ನಿಮ್ಮ ಮಕ್ಕಳ ಪ್ರದರ್ಶನ, ಚಿಂತೆ ಬೇಡ. ಎರಡು ವರ್ಷ ಕಾದು ಆ ಹೊತ್ತಿಗೆ ತಾನಿಲ್ಲವಲ್ಲ ಎಂದು ಅವಳಿಗೆ ಒಂದಿಷ್ಟು ಬೇಜಾರಾಯಿತು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು: ಅವರ ಕೈಗೆ ಗೊತ್ತಿದೆ. ನಾನಿಲ್ಲದಿದ್ದರೂ ಆದೀತು.

ಮಧ್ಯಾಹ್ನ ಊಟವಾಗಿ ಟೀಚರುಗಳೆಲ್ಲ ಆಕಳಿಸುತ್ತಿದ್ದರು. ನಿದ್ದೆ ಓಡಿಸಲು ಅವಳು ಬಟರ್ ಪೇಪರ್ ಹಂಚಿ, ನಿಮ್ಮ ನಿಮ್ಮ ಹೆಸರಿನ ಮೊದಲ ಅಕ್ಷರ ತಿದ್ದಿ ಹಲಗೆಗೆ ಇಳಿಸಿ ಎಂದಳು. ಎಲ್ಲರೂ ಮಗುಚಿ ಉಜ್ಜಿದರು, ಎಲ್ಲರ ಅಕ್ಷರವೂ ತಿರುಗುಮುರುಗಾಯಿತು. ಕೋಣೆ ತುಂಬ ನಗು. ಪ್ರತಿ ಸಲವೂ ಹೀಗೇ ಆಗುತ್ತಿತ್ತು, ಪ್ರತಿ ಸಲವೂ ಅವಳು ಅದೇ ಪಾಠ ಹೇಳುತ್ತಿದ್ದಳು.

"ಮಗುಚಿದರೆ ಎಡ ಬಲ ಅದಲುಬದಲು. ಅದಕ್ಕೇ ಮೊದಲು ಕಾಗದದ ಬೆನ್ನಿಗೂ ಒಂದು ಸಲ ತಿದ್ದಿ. ಆಮೇಲೆ ನೇರವಾಗೇ ಇಟ್ಟು ಉಜ್ಜಿ."

ಹಿಂದಿನ ಬೆಂಚಿನಲ್ಲಿದ್ದ ಒಬ್ಬ ತೆಳ್ಳಗಿನ ಮೇಷ್ಟ್ರು ತನ್ನ ಹಲಗೆ ಎತ್ತಿ ತೋರಿಸಿದರು.

"ನಾನು ಜಾಣ ಮೇಡಂ. ಅಕ್ಷರ ಬರೀಲೇ ಇಲ್ಲ, ಸೊನ್ನೆ ಹಾಕಿದೆ. ಸೊನ್ನೆ ತಿರುಗಿದ್ರೂ ಸೊನ್ನೆ. ನನ್ನ ತಪ್ಪು ಕಂಡುಹಿಡಿಯಿರಿ ನೋಡೋಣ."

"ಪರೀಕ್ಷೇಲೂ ಸೊನ್ನೆ ತಗೊಂಡೇ ಅಭ್ಯಾಸ ನಿಮಗೆ," ಎಂದರು ಪಕ್ಕದಲ್ಲಿದ್ದ ಹೊಲಿಗೆ ಟೀಚರು.

ಅವಳೂ ನಕ್ಕಳು. ನಗುತ್ತಲೇ ಆ ಸೊನ್ನೆಯನ್ನು ನೋಡಿದಳು. ಸೊನ್ನೆ ತಿರುಗಿದರೂ ಸೊನ್ನೆ. ನೆಟ್ಟಗಿನ ಗೆರೆ ತಿರುಗಿದರೂ ನೆಟ್ಟಗಿನ ಗೆರೆ. ಮೂಲೆಯ ಸ್ಕ್ರೂ ಮೂಲೆಯಲ್ಲೇ.

ಉಕ್ಕಿದ ಹಾಲಿನ ಸುಟ್ಟ ವಾಸನೆ ಎಲ್ಲಿಂದಲೋ ಮೂಗಿಗೆ ಬಂದ ಹಾಗಾಯಿತು. ಚಮಚದ ಬೆನ್ನು. ಮಗುಚಿದ ಕಾಗದ. ಬೆನ್ನಿಗೆ ಒಂದು ಸಲ ತಿದ್ದಿದ್ದೆನೇ?

ಚೀಲದಲ್ಲಿ ಕೈಪಿಡಿ ಇತ್ತು, ತೋರಿಸಲೆಂದು ತಂದಿದ್ದ ಮರದ ಫಲಕವೂ ಇತ್ತು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಕೈಪಿಡಿಯ ಚಿತ್ರದಲ್ಲಿ ಸೊನ್ನೆ ಎಡಕ್ಕೆ. ಅವಳ ಫಲಕದಲ್ಲಿ ಕೆಂಪು ಬಲಕ್ಕೆ.

ಒಂದು ಗಳಿಗೆ ಅವಳಿಗೆ ಇದೊಂದು ಸಣ್ಣ ತಪ್ಪೆನ್ನಿಸಿತು. ಬಣ್ಣ ಬದಲಿಸಿದರಾಯಿತು. ಮರುಗಳಿಗೆಗೆ ಅವಳದೇ ಕ್ರಮ ಅವಳೆದುರು ಬಂದು ನಿಂತಿತು. ಗುಬ್ಬಿಯ ಪುಟ್ಟ ಕೈ ಒಳಗೆ ಹೋಗುತ್ತದೆ. ಮಗಳು ಗ್ಯಾರಂಟಿಗೆಂದು ಒತ್ತುತ್ತಾಳೆ, ಗುಂಡಿ ನೋಡದೆ, ಬಲಕ್ಕೆ. ನಿಜವಾದ ಮಷೀನಿನಲ್ಲಿ ಬಲಕ್ಕಿರುವುದು ಹಸಿರು.

ಗೋಡೆಯ ಗಡಿಯಾರದಲ್ಲಿ ಎರಡಾಗಿ ಐದು ನಿಮಿಷ. ಊಟದ ನಂತರದ ಪೀರಿಯಡ್ಡು ಶುರುವಾಗುವುದು ಎರಡಕ್ಕೆ.

"ಮೇಡಂ, ಹುಷಾರಿದ್ದೀರಾ?" ಎಂದು ಹೊಲಿಗೆ ಟೀಚರು ಕೇಳಿದ್ದು ಬಾಗಿಲಾಚೆ ಕೇಳಿಸಿತು. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ಹೆಡ್‌ಮಾಸ್ಟರ ಫೋನು ಸ್ವಿಚ್ ಆಫ್. ಇನ್‌ಸ್ಪೆಕ್ಟರು ಬಂದಾಗಲೆಲ್ಲ ಅವರು ಹಾಗೆ ಮಾಡುತ್ತಿದ್ದರು, ಉಳಿದವರಿಗೂ ಮಾಡಿಸುತ್ತಿದ್ದರು. ಪಿ.ಟಿ. ಮೇಷ್ಟ್ರದೂ ಆಫ್. ಆಫೀಸಿನ ಫೋನು ರಿಂಗಾಗುತ್ತಲೇ ಇತ್ತು. ಖಾಲಿ ಕೋಣೆಯಲ್ಲಿ ಫೋನು ಹೊಡೆದುಕೊಳ್ಳುವುದು ಅವಳಿಗೆ ಕಂಡ ಹಾಗಿತ್ತು. ಎಲ್ಲರೂ ವರ್ಕ್‌ಶಾಪಿನಲ್ಲಿ ಸೇರಿರುತ್ತಾರೆ.

ಮೊದಲ ಬೀದಿಯನ್ನು ಓಡಿದಳು. ಎರಡನೆಯದರಲ್ಲಿ ಪೈಪಿಗೆಂದು ನೆಲ ಅಗೆದಿದ್ದರು, ಹಲಗೆಯ ಮೇಲೆ ಒಬ್ಬೊಬ್ಬರೇ ದಾಟಬೇಕು. ಎದುರಿಂದ ಗ್ಯಾಸ್ ಸಿಲಿಂಡರ್ ಹೊತ್ತವನು ಅವಸರವಿಲ್ಲದೆ ಬರುತ್ತಿದ್ದ. "ನಿಧಾನ ಅಕ್ಕ, ಬಿದ್ದೀರಿ," ಎಂದ. ಮೂರನೆಯದರಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಎರಡನ್ನೂ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಬಿಟ್ಟಳು. ಬಿಸಿಲಿಗೆ ಕಾದ ರಸ್ತೆ ಅಂಗಾಲು ಸುಡುತ್ತಿತ್ತು. ಫೋನು ಕಿವಿಯಲ್ಲೇ ಇತ್ತು, ಆ ಕಡೆ ರಿಂಗಾಗುತ್ತಲೇ ಇತ್ತು.

ಶಾಲೆಯ ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ವರ್ಕ್‌ಶಾಪು ಕೊನೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ. ಅಲ್ಲಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಎರಡು ವರ್ಷ ಅವಳು ಕಾದಿದ್ದ ಸದ್ದು. ಮಷೀನು ಓಡುತ್ತಿದೆ ಎಂದರೆ ಯಾರ ಕೈಯೂ ಒಳಗಿಲ್ಲ. ಓಡುತ್ತಿರಲಿ, ಓಡುತ್ತಿರಲಿ ಎಂದುಕೊಳ್ಳುತ್ತ ಅಂಗಳ ದಾಟಿದಳು.

ಅರ್ಧ ಅಂಗಳದಲ್ಲಿರುವಾಗ ಸದ್ದು ಕುಗ್ಗಿತು, ಇಳಿಯಿತು, ನಿಂತಿತು.

ನಿಂತ ಮೇಲೆ ಏನು ಎಂಬುದನ್ನು ಕಾರ್ಡಿನಲ್ಲಿ ಬರೆದವಳು ಅವಳೇ. ಐದನೇ ಹೆಜ್ಜೆ: ಕೈ ಒಳಗೆ ಹೋಗಲಿ. ಆರನೇ ಹೆಜ್ಜೆ: ಕಾವಲು ಒತ್ತಲಿ.

ಬಾಗಿಲಿಗೆ ಬಂದಳು. ಇನ್‌ಸ್ಪೆಕ್ಟರು ಕುರ್ಚಿಯಲ್ಲಿ, ಹೆಡ್‌ಮಾಸ್ಟರು ಅವರ ಹಿಂದೆ ಕೈಕಟ್ಟಿ, ಮಕ್ಕಳು ಹಳದಿ ಗೆರೆಯಾಚೆ ಸಾಲಾಗಿ. ಮಷೀನನ್ನು ತಾವೇ ಓಡಿಸಿ ತಾವೇ ನಿಲ್ಲಿಸಿದ್ದ ಪಿ.ಟಿ. ಮೇಷ್ಟ್ರು ಹಿಂದೆ ಸರಿದು, "ಈಗ ನೋಡಿ ಸರ್ ನಮ್ಮ ಹುಡುಗೀರು," ಎನ್ನುತ್ತಿದ್ದರು. ಗುಬ್ಬಿಯ ಎಡಗೈ ಡ್ರಿಲ್ ಬಿಟ್ಟನ್ನು ಸುತ್ತಿ ಹಿಡಿದಿತ್ತು, ಬಲಗೈ ಅದನ್ನು ಸಡಿಲಿಸುವ ಕೀಲಿ ತಿರುಗಿಸುತ್ತಿತ್ತು. ಮಗಳು ಪಕ್ಕದಲ್ಲಿ. ಅವಳ ಕಣ್ಣು ಗುಬ್ಬಿಯ ಬೆರಳಿನಿಂದ ಎಳ್ಳಷ್ಟೂ ಅಲುಗಿರಲಿಲ್ಲ. ಹೇಳಿಕೊಟ್ಟ ಹಾಗೇ. ಕೈ ಮಾತ್ರ ಮೇಲೇಳುತ್ತಿತ್ತು.

ತಾಯಿಯ ಗಂಟಲಿಗೆ ಕೂಗು ಬಂದುಬಿಟ್ಟಿತ್ತು. ಬಾಯಿ ತೆರೆದಿತ್ತು. ಕೂಗನ್ನು ಅಲ್ಲೇ ತಡೆದಳು.

'ನಿಲ್ಲಿಸು' ಎಂದರೆ ಈ ಹುಡುಗಿ ಏನು ಮಾಡುತ್ತಾಳೆ? ಒತ್ತುತ್ತಾಳೆ. ಯೋಚನೆ ಮಾಡದೆ, ಕಣ್ಣು ರೆಪ್ಪೆ ಬಡಿಯುವುದರೊಳಗೆ. ತನ್ನ ದನಿ ಕೇಳಿದರೆ ಸಾಕು, ಕೈ ಹಾರುತ್ತದೆ. ಮೂರು ತಿಂಗಳು ಅದನ್ನೇ ಅಲ್ಲವೇ ಕಲಿಸಿದ್ದು.

ಬಾಗಿಲ ಪಕ್ಕದ ಗೋಡೆಯಲ್ಲಿ ಇಡೀ ಕೋಣೆಯ ಮೇನ್ ಸ್ವಿಚ್ಚಿತ್ತು, ಕಬ್ಬಿಣದ ಹಿಡಿಯದು. ಅವಳು ಉಸಿರು ಬಿಗಿಹಿಡಿದು ಎರಡು ಕೈಯಲ್ಲೂ ಅದನ್ನು ಕೆಳಗೆಳೆದಳು.

ಟ್ಯೂಬ್‌ಲೈಟು ಆರಿತು. ಫ್ಯಾನು ಸುಸ್ತಾಗಿ ತಿರುಗಿತು. ಆ ಮಬ್ಬಿನಲ್ಲಿ ಟಿಕ್ ಎಂದು ಒಂದು ಸಣ್ಣ ಸದ್ದಾಯಿತು, ಪೆನ್ನಿನ ತಲೆ ಒತ್ತಿದ ಹಾಗೆ.

ಅಷ್ಟೇ. ಬೇರೇನೂ ಆಗಲಿಲ್ಲ.

"ಥೂ, ಈಗಲೇ ಹೋಗಬೇಕಾ ಕರೆಂಟು," ಎಂದರು ಹೆಡ್‌ಮಾಸ್ಟರು.

"ನಾನೇ ತೆಗೆದೆ ಸರ್," ಎಂದಳು ಅವಳು. ಸ್ವಿಚ್ಚಿನ ಹಿಡಿಯನ್ನು ಬಿಟ್ಟಿರಲಿಲ್ಲ. "ಗುಬ್ಬಿ, ಕೈ ಹೊರಗೆ ತಗೋ ಕಂದ. ನಿಧಾನ. ಹಾಂ. ಇನ್ನೂ ಹಿಂದೆ ಬಾ."

ಗುಬ್ಬಿ ಹಿಂದೆ ಬಂದಳು. ಮಗಳು ತಾಯಿಯ ಬರಿಗಾಲು, ಬೆವರು ನೋಡಿ ಗಾಬರಿಯಾದಳು. ಅವಳ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

"ನಾನು ಒತ್ತಿದ್ದೀನಿ ಮೇಡಂ. ಸರಿಯಾಗೇ ಒತ್ತಿದೆ. ನೋಡಲೂ ಇಲ್ಲ."

"ಗೊತ್ತು. ಈಗ ನೋಡು."

ಮಗಳು ತಿರುಗಿ ನೋಡಿದಳು. ಬೆರಳ ಕೆಳಗೆ ಹಸಿರು.

ಇನ್‌ಸ್ಪೆಕ್ಟರು ಶಿಸ್ತು ಬಹಳ ಚೆನ್ನಾಗಿದೆ ಎಂದು ಪುಸ್ತಕದಲ್ಲಿ ಬರೆದು ಹೋದರು. ಹೆಡ್‌ಮಾಸ್ಟರು ಎಲ್ಲ ಕೇಳಿಸಿಕೊಂಡು, ಕನ್ನಡಕ ಒರೆಸಿ, "ಏನೂ ಆಗಿಲ್ಲವಲ್ಲ. ಒಂದು ಹೊಸ ಫಲಕ ಬರೆದರಾಯ್ತು. ಸೋಮವಾರದಿಂದ ಮಷೀನು ಶುರು ಮಾಡೋಣ," ಎಂದರು.

ಅವಳು ಅವರ ಕೋಣೆಯಲ್ಲೇ ಕೂತು ಹನ್ನೊಂದು ಶಾಲೆಗಳಿಗೆ ಫೋನು ಮಾಡಿದಳು. ಎಂಟರಲ್ಲಿ ಮಷೀನು ಇನ್ನೂ ಬಂದಿರಲಿಲ್ಲ. ಎರಡರಲ್ಲಿ ಬಂದು ಪೆಟ್ಟಿಗೆಯಲ್ಲೇ ಇತ್ತು. ಹನ್ನೊಂದನೇ ಶಾಲೆಯ ಟೀಚರು ದೊಡ್ಡ ದನಿಯ ಹೆಂಗಸು, ಮೊದಲೆಲ್ಲ ಖುಷಿಯಿಂದ ಮಾತಾಡಿದವಳು, ಅಂದು ದನಿ ತಗ್ಗಿಸಿದಳು.

"ನಮ್ಮಲ್ಲಿ ಬಂದು ಎರಡು ವಾರ ಆಯ್ತು," ಎಂದಳು. "ಹೋದ ವಾರ ಮೊದಲ ಸಲ ಓಡಿಸಿದಾಗಲೇ ಒಂದು ಮಗುವಿನ ಬೆರಳಿಗೆ ಏಟಾಯ್ತು. ನಾಲ್ಕು ಹೊಲಿಗೆ. ಮಷೀನು ತಾನಾಗೇ ಓಡಿತು ಅಂತಾರೆ ಮಕ್ಕಳು. ಕಾವಲಿದ್ದ ಹುಡುಗಿ ತಾನು ಒತ್ತಿದ್ದು ಕೆಂಪೇ ಅಂತ ಆಣೆ ಮಾಡ್ತಾಳೆ. ಯಾರೂ ನಂಬಿಲ್ಲ. ನಾನೂ ಬೈದೆ. ಅವಳು ಅವತ್ತಿಂದ ಶಾಲೆಗೆ ಬಂದಿಲ್ಲ."

"ಅವಳು ಸುಳ್ಳು ಹೇಳ್ತಿಲ್ಲ," ಎಂದಳು ಇವಳು. "ಮಷೀನಿನ ತಪ್ಪೂ ಅಲ್ಲ. ಕೇಳಿ, ಎಲ್ಲಾ ಹೇಳ್ತೀನಿ."

ಹೇಳಿದಳು. ಆ ಹುಡುಗಿಯ ಮನೆಯ ವಿಳಾಸ ಬರೆದುಕೊಂಡಳು, ಪೆಟ್ಟಾದ ಮಗುವಿನದೂ. ಭಾನುವಾರ ಎರಡೂ ಮನೆಗೆ ಹೋಗಬೇಕು. ಹೋಗಿ ಏನು ಹೇಳಬೇಕೆಂಬುದು ಇನ್ನೂ ಹೊಳೆದಿರಲಿಲ್ಲ.

ಸಂಜೆ ಹೊತ್ತು ಮುಳುಗುವ ಮೊದಲೇ ಹೊಸ ಫಲಕ ಸಿದ್ಧವಾಯಿತು. ಈ ಸಲ ಕಾಗದದ ಬೆನ್ನಿಗೂ ತಿದ್ದಿದಳು. ಹಲಗೆಯನ್ನು ಕೈಪಿಡಿಯ ಪಕ್ಕ ಇಟ್ಟು ಮೂರು ಸಲ ನೋಡಿದಳು, ಅತ್ತೆಗೂ ತೋರಿಸಿದಳು. ಕೆಂಪು ಎಡಕ್ಕೆ. ಫಲಕ ಬಿಚ್ಚಲೆಂದು ಹಿಂದಿನ ದಿನ ಮನೆಗೆ ತಂದಿದ್ದ ಮರದ ಮಷೀನಿಗೆ ಅದನ್ನು ಸ್ಕ್ರೂ ಹಾಕಿ ಕೂರಿಸಿದಳು. ಮಗಳು ಮೊಸರನ್ನ ತಿನ್ನುತ್ತ ಕಾಲಾಡಿಸುತ್ತ ನೋಡುತ್ತಿದ್ದಳು. ಮಧ್ಯಾಹ್ನದ ಗಾಬರಿ ಇಳಿದಿತ್ತು.

"ಬಾ ಇಲ್ಲಿ. ಕೆಂಪು ಎಲ್ಲಿದೆ?"

"ಎಡಕ್ಕೆ. ಎಷ್ಟು ಸಲ ಹೇಳ್ತೀಯಮ್ಮ, ಗೊತ್ತಾಯ್ತು. ನಾನೇನು ಮಗುನಾ?"

"ಕಣ್ಣು ಮುಚ್ಚು."

ಮಗಳು ಮುಚ್ಚಿದಳು, ತುಟಿಯಲ್ಲಿ ನಗೆಯಿತ್ತು. ತಾಯಿ ಚಪ್ಪಾಳೆ ತಟ್ಟಿದಳು.

ಕೈ ಹಾರಿತು. ಅನುಮಾನವಿಲ್ಲದೆ, ಬಾಣದ ಹಾಗೆ, ಬಲಕ್ಕೆ.

ಮಗಳು ಕಣ್ಣು ಬಿಟ್ಟು ತನ್ನ ಕೈಯನ್ನು ನೋಡಿದಳು, ಅದು ಬೇರೆ ಯಾರದೋ ಎಂಬಂತೆ. ತುಟಿಯ ನಗೆ ಹೋಗಿತ್ತು. ಬಾಗಿಲ ಬಳಿ ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದರು.

"ಇನ್ನೊಂದು ಸಲ."

ಬಲಕ್ಕೆ.

"ನಾನು ಎಡಕ್ಕೇ ಅಂದ್ಕೊಂಡಿದ್ದೆ ಅಮ್ಮ," ಎಂದಳು ಮಗಳು ಸಣ್ಣ ದನಿಯಲ್ಲಿ. "ಅಂದ್ಕೊಂಡೇ ಹೋದೆ."

ಮೂರನೇ ಸಲ ಕೈ ಅರ್ಧದಲ್ಲಿ ನಿಂತಿತು. ಎರಡು ಗುಂಡಿಗಳ ನಡುವೆ, ಗಾಳಿಯಲ್ಲಿ, ಅತ್ತಲೂ ಹೋಗಲಿಲ್ಲ, ಇತ್ತಲೂ ಹೋಗಲಿಲ್ಲ. ಆ ತರಗತಿಯಲ್ಲಿ ಇಂಥ ಮೂವತ್ತೆಂಟು ಕೈ. ಹನ್ನೊಂದು ಶಾಲೆಗಳಲ್ಲಿ ಎಷ್ಟೋ. ಅವೆಲ್ಲವೂ ಈಗ ಯಾವ ಯಾವ ಮನೆಯಲ್ಲೋ ಅನ್ನ ಕಲಸುತ್ತಿವೆ, ಲೆಕ್ಕ ಬರೆಯುತ್ತಿವೆ. ಮರೆಸುವುದಕ್ಕೆ ಸೋಮವಾರದೊಳಗೆ ಮೂರು ದಿನ. ಶಾಲೆಯ ಮಷೀನಿನ ಪ್ಲಗ್ಗನ್ನು ಕಿತ್ತು ಅವಳು ತನ್ನ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಹೆಡ್‌ಮಾಸ್ಟರಿಗೆ ಅದು ಇನ್ನೂ ಗೊತ್ತಿರಲಿಲ್ಲ. ಪ್ಲಗ್ಗು ಯಾವ ಅಂಗಡಿಯಲ್ಲೂ ಸಿಗುತ್ತದೆ.

"ಹಾಲು ಇಟ್ಟಿದ್ದೀಯ ಕಣೇ," ಎಂದರು ಅತ್ತೆ, ಮೆಲ್ಲಗೆ.

ಅವಳು ಎದ್ದು ಹೋಗಿ ಒಲೆ ಆರಿಸಿದಳು. ಪಾತ್ರೆಯನ್ನು ಇಳಿಸಿ ಮುಚ್ಚಿದಳು. ವಾಪಸು ಬಂದು ಮಗಳ ಎದುರು ನಿಂತು ಅವಳ ಬಲಗೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಬೆಚ್ಚಗಾಗುವವರೆಗೆ ಉಜ್ಜಿದಳು.

"ಕಣ್ಣು ಮುಚ್ಚು ಕಂದ," ಎಂದಳು, ಮತ್ತೆ ಚಪ್ಪಾಳೆಗೆ ಕೈ ಎತ್ತಿದಳು.